ಆಟಿಕೆ ಮಾಡಿಸುವ ಮುಂಚೆ ಡಿಸೈನ್ ರಿವ್ಯೂ: ದುಡ್ಡು ಕೊಡಬಹುದಾ?

ಚನ್ನಪಟ್ಟಣದಲ್ಲಿ ಮರದ ಆಟಿಕೆ ಮಾಡಿಸಿ ಆನ್‌ಲೈನ್‌ನಲ್ಲಿ ಮಾರುವ ಚಿಕ್ಕ ವ್ಯಾಪಾರ ನಮ್ಮದು. ಹೊಸದಾಗಿ ದಾರ ಹಿಡಿದು ಎಳೆಯುವ ಬಾತುಕೋಳಿ ಮಾಡಿಸಬೇಕಿತ್ತು, ಒಂದೂವರೆ ಎರಡು ವರ್ಷದ ಮಕ್ಕಳಿಗೆ. ದೊಡ್ಡ ಆರ್ಡರ್ ಕೊಡುವ ಮುಂಚೆ ಡ್ರಾಯಿಂಗ್, ಸ್ಯಾಂಪಲ್ ಎರಡೂ ಹಿಡಿದು ಆಟಿಕೆಯ ಡಿಸೈನ್ ಮಕ್ಕಳಿಗೆ ಸೇಫಾ ಅಂತ ನೋಡಿ ಸಲಹೆ ಕೊಡುವ ಪೀಣ್ಯದ ಕಡೆಯ ಒಂದು ಕನ್ಸಲ್ಟೆನ್ಸಿಗೆ ಹೋದೆವು. ದೂರುಗಳೂ ಇರುವುದರಿಂದ ಹೆಸರು ಹಾಕುತ್ತಿಲ್ಲ.

ಮೊದಲು ಒಳ್ಳೆಯದು ಹೇಳುತ್ತೇನೆ. ಅಲ್ಲಿನ ಇಂಜಿನಿಯರ್ ಮೇಡಂ ಡ್ರಾಯಿಂಗ್ ನೋಡುವ ಮುಂಚೆಯೇ ಡ್ರಾಯರ್‌ನಿಂದ ಒಂದು ಪುಟ್ಟ ಸ್ಟೀಲ್ ಕೊಳವೆ ತೆಗೆದರು. ಬಾಯಿಯ ಅಗಲ 31.7 ಮಿ.ಮೀ., ತಳ ಓರೆ, ಆಳ ಒಂದು ಕಡೆ 25.4, ಇನ್ನೊಂದು ಕಡೆ 57.1. ಮೂರು ವರ್ಷದೊಳಗಿನ ಮಗುವಿನ ಆಟಿಕೆಯ ಯಾವ ತುಂಡೂ ಅದರೊಳಗೆ ಪೂರ್ತಿ ಇಳಿಯಬಾರದು, ಇಳಿದರೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು ಅಂತ ಲೆಕ್ಕ. ನಮ್ಮ ಬಾತುಕೋಳಿಯ ಚಕ್ರ 30 ಮಿ.ಮೀ. ಅಚ್ಚಿನಿಂದ (ಚಕ್ರ ತಿರುಗುವ ಕಡ್ಡಿಯಿಂದ) ಕಿತ್ತು ಕೊಳವೆಗೆ ಹಾಕಿದರು, ಟಣ್ ಅಂತ ತಳಕ್ಕೆ ಹೋಯಿತು. "ಗಟ್ಟಿಯಾಗಿ ಕೂರಿಸ್ತೀವಿ ಮೇಡಂ, ಕಿತ್ತು ಬರಲ್ಲ" ಅಂದರು ನಮ್ಮ ಪಾರ್ಟ್ನರ್. "ಈಗ ನಾನು ಕಿತ್ತೆನಲ್ಲ ಸಾರ್" ಅಂದರು ಅವರು. ಚಕ್ರ 40 ಆಯಿತು.

ಆಮೇಲೆ ದಾರ. ಮಗುವಿಗೆ ಹಿಡಿಯೋಕೆ ಸುಲಭ ಆಗಲಿ ಅಂತ ತುದಿಗೆ ಕೆಂಪು ಮಣಿ ಕಟ್ಟಿಸಿದ್ದೆವು. ಈ ವಯಸ್ಸಿನವರ ಎಳೆಯುವ ಆಟಿಕೆಯಲ್ಲಿ ದಾರ 220 ಮಿ.ಮೀ.ಗಿಂತ ಜಾಸ್ತಿ ಇದ್ದರೆ, ಸಿಕ್ಕಿಕೊಂಡು ಕುಣಿಕೆ ಆಗುವಂಥ ಮಣಿ ಇರಬಾರದು. ದಾರ ಕುತ್ತಿಗೆಗೆ ಸುತ್ತಿದರೆ ಮಣಿಯಿಂದಾಗಿ ಬಿಡಿಸಿಕೊಳ್ಳಲ್ಲ, ಅದಕ್ಕೆ. ನೋಡೋಕೆ ಚೆನ್ನಾಗಿತ್ತು, ಆದರೂ ತೆಗೆದೆವು. ಚಕ್ರ ಹೋದರೆ ಚೂಪಾಗಿ ಉಳಿಯುವ ಮೊಳೆಯ ಬದಲು ಮರದ ಅಚ್ಚು ಹಾಕಿ ಅಂದಿದ್ದೂ ಅವರೇ.

ಜಿಐ (ಒಂದು ಊರಿನ ವಿಶೇಷ ಉತ್ಪನ್ನಕ್ಕೆ ಸಿಗುವ ಭೌಗೋಳಿಕ ಗುರುತು) ಇರುವ ಆಟಿಕೆಗೆ, ನೋಂದಾಯಿತ ಕುಶಲಕರ್ಮಿಗಳಿಗೆ 2021ರಿಂದ ಬಂದ ಕಡ್ಡಾಯ ಐಎಸ್‌ಐ ಮಾರ್ಕ್‌ನಿಂದ ವಿನಾಯಿತಿ ಇದೆಯಲ್ಲ, ಸುಮ್ನೆ ಯಾಕೆ ಖರ್ಚು ಅಂತ ಕೆಲವರು ಕೇಳಿದರು. ಮಾರ್ಕ್ ಬೇಡ ಅಂದ ಮಾತ್ರಕ್ಕೆ ಮಗು ಚಕ್ರ ಬಾಯಿಗೆ ಹಾಕೋದು ಬಿಡಲ್ಲ, ಅಲ್ವಾ? 2007ರಲ್ಲಿ ಅಮೆರಿಕದ ಆಟಿಕೆ ಕಂಪನಿ ಮ್ಯಾಟೆಲ್ ಲಕ್ಷಗಟ್ಟಲೆ ಆಟಿಕೆ ವಾಪಸ್ ಕರೆಸಿಕೊಂಡಾಗ ಎಲ್ಲರೂ ಚೀನಾದ ಫ್ಯಾಕ್ಟರಿಗಳನ್ನು ಬೈದರು. ಆಯಸ್ಕಾಂತ ಉದುರುವ ಆಟಿಕೆಗಳಲ್ಲಿ ತಪ್ಪು ತಮ್ಮ ಡಿಸೈನ್‌ನದ್ದೇ ಅಂತ ಆಮೇಲೆ ಕಂಪನಿಯೇ ಒಪ್ಪಿಕೊಂಡಿತು. ಫ್ಯಾಕ್ಟರಿ ಡ್ರಾಯಿಂಗ್‌ನಲ್ಲಿ ಇದ್ದಂತೆಯೇ ಮಾಡಿರುತ್ತೆ, ಪಾಪ.

ಈಗ ದೂರು. ಎದುರು ಕೂತು ಹೇಳಿದ್ದು ಚಿನ್ನ, ಕೊಟ್ಟ ರಿಪೋರ್ಟ್ ಮಾತ್ರ ದಂಡ. ಹಳೆಯ ಯಾವುದೋ ರಿಪೋರ್ಟ್ ಕಾಪಿ ಹೊಡೆದಿದ್ದಾರೆ, ಬ್ಯಾಟರಿಯೇ ಇಲ್ಲದ ಬಾತುಕೋಳಿಗೆ ಎಲೆಕ್ಟ್ರಿಕ್ ಆಟಿಕೆಯ ಸೇಫ್ಟಿ ಮಾನದಂಡ ಐಎಸ್ 15644 ಬಗ್ಗೆ ಪುಟಗಟ್ಟಲೆ ಇದೆ. ಎಲ್ಲ ಇಂಗ್ಲಿಷ್, ಹಾಗಾಗಿ ಮರ ಕಡೆದು ಆಟಿಕೆ ಮಾಡುವವರಿಗೆ ನಾವೇ ಕೂತು ಹೇಳಬೇಕಾಯಿತು. ಇದಕ್ಕಿಂತ ಬೇಜಾರಾಗಿದ್ದು, ನಾವು ಆಟಿಕೆಗೆ ಬಳಸುವ ಆಲೆ ಮರದ ಬಗ್ಗೆ ಅವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಹೊಸ ಅಳತೆ ಹೇಳೋಕೆ ಫೋನ್ ಮಾಡಿದಾಗ ನಮ್ಮ ಕಾರ್ಖಾನೆಯ ಹಿರಿಯರು ಕೇಳಿದ ಮೊದಲ ಮಾತೇ ಅದು: "ಆಲೆ ಮರ ಪೂರ್ತಿ ಒಣಗಿದ್ದೇ ಹಾಕ್ಬೇಕು ಸಾರ್, ಇಲ್ಲಾಂದ್ರೆ ಅಚ್ಚು ಕುಗ್ಗಿ ಚಕ್ರ ಸಡಿಲ ಆಗುತ್ತೆ." ಎಷ್ಟು ಗಟ್ಟಿ ಕೂರಿಸಿದರೂ ಮಳೆಗಾಲದಲ್ಲಿ ಮಾಡಿದ್ದು ಬೇಸಿಗೆಯಲ್ಲಿ ಕೈಗೆ ಬರುತ್ತದೆ ಅಂದರೆ ಅದೂ ಸೇಫ್ಟಿ ವಿಷಯವೇ ತಾನೇ. ಇಂಥವರನ್ನೂ ರಿವ್ಯೂನಲ್ಲಿ ಕೂರಿಸಬೇಕು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಇವರು ಕೊಡುವುದು ಸಲಹೆ ಮಾತ್ರ. ಬಣ್ಣದಲ್ಲಿ ಸೀಸ ಇದೆಯಾ ಅಂತ ನೋಡೋಕೆ ಲ್ಯಾಬ್‌ಗೆ ಬೇರೆ ಹೋಗಬೇಕು. ಆರ್ಡರ್ ಕೊಟ್ಟ ಮೇಲೆ ಹೋದರೆ ಪ್ರಯೋಜನ ಇಲ್ಲ, ಮುಂಚೆಯೇ ಹೋಗಿ. ಸ್ಯಾಂಪಲ್ ಎರಡು ಮೂರು ಜಾಸ್ತಿ ಇಟ್ಟುಕೊಳ್ಳಿ, ಒಂದನ್ನಂತೂ ಮುರಿದೇ ವಾಪಸ್ ಕೊಡುತ್ತಾರೆ.