ಕನಜಾವ: ಬುತ್ತಿ ಮರೆತರೂ ಕೊಡೆ ಮರೆಯಬೇಡಿ

ಜಪಾನಿಗೆ ಹೋದ ನಮ್ಮವರೆಲ್ಲ ಟೋಕಿಯೋ, ಕ್ಯೋಟೋ ನೋಡಿ ವಾಪಸ್ ಬರುತ್ತಾರೆ. ನಾವಿಬ್ಬರು ನವೆಂಬರ್ ಮೊದಲ ವಾರ ಎರಡು ರಾತ್ರಿ ಕನಜಾವದಲ್ಲಿ ಉಳಿದೆವು. ಟೋಕಿಯೋದಿಂದ ಶಿಂಕಾನ್ಸೆನ್ ರೈಲಲ್ಲಿ ಸುಮಾರು ಎರಡೂವರೆ ಗಂಟೆ. ಕ್ಯೋಟೋ ಕಡೆಯಿಂದ ಬರುವವರು ತ್ಸುರುಗಾದಲ್ಲಿ ರೈಲು ಬದಲಿಸಬೇಕು, 2024ರ ಮಾರ್ಚ್‌ನಿಂದ ಹೀಗೆ.

ಸ್ಟೇಷನ್ನಿಂದ ಹೊರಗೆ ಕಾಲಿಟ್ಟರೆ ಮಳೆ. ಬುತ್ತಿ ಮರೆತರೂ ಕೊಡೆ ಮರೆಯಬೇಡ ಅಂತ ಆ ಊರಲ್ಲಿ ಗಾದೆಯೇ ಇದೆ. ಮಂಗಳೂರು ಕಡೆಯವಳು ನಾನು, ಮಳೆಗೆ ಹೆದರುವವಳಲ್ಲ, ಆದರೆ ಇದು ಧೋ ಅಂತ ಸುರಿದು ಮುಗಿಸುವ ಮಳೆಯಲ್ಲ, ಹತ್ತು ನಿಮಿಷ ಬಿಸಿಲು ತೋರಿಸಿ ಮತ್ತೆ ಜಿನುಗಲು ಶುರು ಮಾಡುವ ಜಾತಿಯದ್ದು.

ಈ ಊರಿಗೆ ಹೋಗಲೇಬೇಕಾದದ್ದು ಕೆನ್ರೋಕುಎನ್ ತೋಟಕ್ಕೆ. ಮಾಎದಾ ಮನೆತನದ ದೊರೆಗಳು ಮಾಡಿಸಿದ್ದು. ಟಿಕೆಟ್ 320 ಯೆನ್, ಆದರೆ ಬೆಳಿಗ್ಗೆ ಬೇಗ ಎದ್ದರೆ ಪುಕ್ಕಟೆ: ಆ ಹೊತ್ತಿಗೆ ಒಂದೆರಡು ಬಾಗಿಲು ಮಾತ್ರ ತೆರೆದಿರುತ್ತವೆ, ಕೌಂಟರ್ ಶುರುವಾಗುವ ಮೊದಲು ಹೊರಗೆ ಬರಬೇಕು ಅಷ್ಟೇ. ಪಂಪಿಲ್ಲದ ಒಂದು ಹಳೇ ಕಾರಂಜಿ ಇದೆ, ಮೇಲಿನ ಕೆರೆಯ ನೀರಿನ ಒತ್ತಡಕ್ಕೇ ಚಿಮ್ಮುತ್ತದೆ. ನಾನು ಜಾಸ್ತಿ ಹೊತ್ತು ನಿಂತದ್ದು ಮಾತ್ರ ಕರಾಸಾಕಿ ಪೈನ್ ಮರದ ಎದುರು. ಇಲ್ಲಿ ಬೀಳುವ ಹಿಮ ಒದ್ದೆ, ಭಾರ, ಕೊಂಬೆ ಮುರಿಯುತ್ತದೆ. ಅದಕ್ಕೆ ಪ್ರತಿ ವರ್ಷ ನವೆಂಬರ್ 1ರಿಂದ ಮರದ ಕಾಂಡದ ಪಕ್ಕ ಕಂಬ ನಿಲ್ಲಿಸಿ, ಅದರ ತುದಿಯಿಂದ ಒಂದೊಂದು ಕೊಂಬೆಗೂ ಹಗ್ಗ ಇಳಿಸಿ ಕಟ್ಟುತ್ತಾರೆ. ಈ ಒಂದು ಮರಕ್ಕೇ ಸುಮಾರು 800 ಹಗ್ಗ! ಮಳೆಗಾಲಕ್ಕೆ ಮುಂಚೆ ಅಡಿಕೆ ಗೊನೆಗೆ ಕೊಟ್ಟೆ ಕಟ್ಟುವುದನ್ನು ನೋಡಿ ಬೆಳೆದವಳಿಗೆ ಈ ಕೆಲಸ ಬಿಟ್ಟು ಕದಲಲು ಮನಸ್ಸಾಗಲಿಲ್ಲ.

ಹಿಗಾಶಿ ಚಾಯಾ ಹಳೇ ಟೀ ಮನೆಗಳ ಬೀದಿ. ಚಾಯಾ ಅಂದರೆ ಚಹಾದ ಮನೆ, ನಮ್ಮ ಚಾಯದ ನೆಂಟನೇ. ಮರದ ಜಾಲರಿ ಮನೆಗಳು ಚೆಂದ, ಆದರೆ ಹನ್ನೊಂದರ ಮೇಲೆ ಜಾತ್ರೆ. ಜಪಾನಿನ ಚಿನ್ನದ ರೇಕು ಹೆಚ್ಚುಕಡಿಮೆ ಎಲ್ಲಾ ಈ ಊರಲ್ಲೇ ತಯಾರಾಗುತ್ತದೆ, ಹಾಗಾಗಿ ಐಸ್‌ಕ್ರೀಮಿಗೂ ಹೊದಿಸಿ ಕೊಡುತ್ತಾರೆ, ಸಾವಿರ ಯೆನ್ ಹತ್ತಿರ. ಸುಮ್ನೆ ದುಡ್ಡು ದಂಡ. ರುಚಿ ಏನೂ ಇಲ್ಲ, ತುಟಿಗೆ ಅಂಟಿಕೊಂಡು ಸಂಜೆವರೆಗೂ ನಾನು ಮದುವೆ ಹೆಣ್ಣಿನ ಥರ ಹೊಳೆಯುತ್ತಿದ್ದೆ.

ನಿಂಜಾ ದೇವಸ್ಥಾನ ಅನ್ನುವ ಮ್ಯೋರ್ಯೂಜಿಗೆ ಮೊದಲೇ ಬುಕ್ ಮಾಡಬೇಕು, ನಾವು ಮಾಡಿರಲಿಲ್ಲ.

ಸಸ್ಯಾಹಾರಿಗಳಿಗೆ ಒಂದು ಮಾತು. ಒಂದು ಹೋಟೆಲಲ್ಲಿ ನಮ್ಮೆಜಮಾನ್ರಿಗೆ ಬರೀ ತರಕಾರಿ ಹಾಕಿದ ನೂಡಲ್ಸ್ ಅಂತ ತಂದಿಟ್ಟರು. ತರಕಾರಿಯೇ ಇತ್ತು, ಸಾರು ಮಾತ್ರ ಒಣಮೀನಿನದ್ದು. ಅರ್ಧ ಬಟ್ಟಲು ಖಾಲಿಯಾದ ಮೇಲೆ ಗೊತ್ತಾಯ್ತು! ಹಾಗಾಗಿ ಮಾಂಸ ಬೇಡ ಅಂದರೆ ಸಾಲದು, ದಾಶಿ ಅನ್ನುವ ಈ ಮೀನಿನ ಸಾರೂ ಬೇಡ ಅಂತ ಬರೆದು ತೋರಿಸಿ.

ಮೀನು ತಿನ್ನುವವರಿಗೆ ಓಮಿಚೋ ಮಾರ್ಕೆಟ್ ಸ್ವರ್ಗ. ಆದರೆ ಅಲ್ಲಿನ ಹೆಸರುವಾಸಿ ಹಿಮ ಏಡಿಯ ಸೀಸನ್ ಶುರುವಾಗುವುದು ನವೆಂಬರ್ 6ಕ್ಕೆ. ನಮ್ಮ ವಾಪಸ್ ಟಿಕೆಟ್ ಇದ್ದದ್ದು 5ಕ್ಕೆ.