ಹುಳುಮನೆ ಖಾಲಿ ಇದೆ ಅಂತ ಅಲ್ಲಿ ಮಾದರಿ ರೈಲು ಹಾಸಬೇಡಿ

ಎರಡು ಬೆಳೆಗಳ ನಡುವೆ ರೇಷ್ಮೆ ಹುಳುಮನೆ ಖಾಲಿ ಬಿದ್ದಿರುತ್ತದೆ. ಉದ್ದನೆಯ ಕೋಣೆ, ಸಿಮೆಂಟ್ ನೆಲ, ಹುಳುವಿನ ಮೈಯಲ್ಲಿ ಮರಿ ಬೆಳೆಸುವ ಊಜಿ ನೊಣ ಬಾರದಂತೆ ಕಿಟಕಿಗೆಲ್ಲ ನೈಲಾನ್ ಬಲೆ, ಮಕ್ಕಳು ಮರಿ ಕಾಲಿಡದ ಜಾಗ. ಮಾದರಿ ರೈಲು ಹಾಸಲು ಹಳ್ಳಿಯಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಸಿಗದು ಅನ್ನಿಸುವುದು ಸಹಜ. ಶಿಡ್ಲಘಟ್ಟದ ಕಡೆಯ ಒಂದು ಮನೆಯಲ್ಲಿ ಹಾಗೇ ಮಾಡಿದರು. ರೈಲೂ ಹಾಳಾಯಿತು, 100 ಮೊಟ್ಟೆಯ (ಇಲ್ಲಿ ಒಂದು ಮೊಟ್ಟೆಯೆಂದರೆ ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪು) ಬೆಳೆಯೂ ಹೋಯಿತು. ಅಲ್ಲಿ ಏನು ಕೆಟ್ಟಿತು, ಯಾಕೆ ಕೆಟ್ಟಿತು ಅನ್ನುವುದನ್ನು ಇಲ್ಲಿ ಬಿಡಿಸಿ ಬರೆದಿದೆ.

ಹಾಸಿದ್ದು ಯಲಹಂಕ, ಚಿಕ್ಕಬಳ್ಳಾಪುರ, ಕೋಲಾರ, ಬಂಗಾರಪೇಟೆಯ ಹಳೇ ನ್ಯಾರೋಗೇಜ್ ದಾರಿಯ ಒಂದು ತುಂಡು. ನಿಜವಾದ ಹಳಿಗಳ ನಡುವಿನ ಅಂತರ 762 ಮಿ.ಮೀ. ಅದನ್ನು 1:87ಕ್ಕೆ ಇಳಿಸಿದರೆ 8.76 ಮಿ.ಮೀ., ಹಾಗಾಗಿ ಅಂಗಡಿಯಲ್ಲಿ ಸಿಗುವ 9 ಮಿ.ಮೀ. ಎನ್ ಗೇಜ್ ಹಳಿ ಸರಿಯಾಗಿ ಕೂರುತ್ತದೆ. ಎಂಟಡಿ ನಾಲ್ಕಡಿ ಪ್ಲೈವುಡ್, ಥರ್ಮಾಕೋಲ್ ಬೆಟ್ಟ, ಮೈದಾ ಅಂಟಿನಲ್ಲಿ ಅಂಟಿಸಿದ ಕಾಗದ, ಬಣ್ಣ ಹಾಕಿದ ಮರದ ಪುಡಿಯ ಹುಲ್ಲು. ಕೆಲಸ ಚೆನ್ನಾಗಿತ್ತು. ಜಾಗ ಮಾತ್ರ ತಪ್ಪು.

ಮೊದಲ ಪೆಟ್ಟು ಬಿದ್ದದ್ದು ಬ್ಲೀಚಿಂಗ್ ಪೌಡರಿನಿಂದ. ಹೊಸ ಬೆಳೆ ಇಡುವ ಮುಂಚೆ ಮನೆಯನ್ನು ತೊಳೆದು, 100 ಲೀಟರ್ ನೀರಿಗೆ 2 ಕೆ.ಜಿ. ಬ್ಲೀಚಿಂಗ್ ಪೌಡರ್, 300 ಗ್ರಾಂ ಅರಳಿಸಿದ ಸುಣ್ಣದ ಪುಡಿ ಕಲಸಿ ಗೋಡೆ, ನೆಲ, ತಟ್ಟೆ, ಹುಳು ಗೂಡು ಕಟ್ಟುವ ಚಂದ್ರಿಕೆಗೆಲ್ಲ ಸಿಂಪಡಿಸಿ ಬಾಗಿಲು ಮುಚ್ಚುತ್ತಾರೆ. ಹಲಗೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರು. ಅದರಿಂದ ನಷ್ಟ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಕ್ಲೋರಿನ್ ಹಾಳೆಯ ಅಂಚಿನಿಂದ ನುಗ್ಗುತ್ತದೆ, ಒಳಗೆ ಸೇರಿದ ತೇವ ಹೊರಗೆ ಹೋಗುವುದಿಲ್ಲ. ನಿಕಲ್ ಸಿಲ್ವರ್ ಹಳಿ ಎಂದು ಮಾರುವುದರಲ್ಲಿ ಬೆಳ್ಳಿ ಇರುವುದಿಲ್ಲ, ಹೆಚ್ಚಿನ ಪಾಲು ತಾಮ್ರ. ಅದರ ಮೇಲೆ ಕಪ್ಪು-ಹಸಿರು ಪೊರೆ ಕಟ್ಟಿತು. ಚಕ್ರಕ್ಕೆ ಕರೆಂಟು ಮುಟ್ಟಿಸುವ ತೆಳು ಪಟ್ಟಿಗಳು ಹಾಗೇ ಆದವು. ಉಕ್ಕಿನ ಮೊಳೆ, ಅಚ್ಚು, ಕೊಂಡಿಯ ಸ್ಪ್ರಿಂಗು ತುಕ್ಕು ಹಿಡಿದವು. ಬೆಳೆ ಇದ್ದಾಗ ತಟ್ಟೆಗೆ ಉದುರಿಸುವ ಸುಣ್ಣದ ಪುಡಿ ಎಂಜಿನ್ನಿನ ಗೇರಿನ ಗ್ರೀಸಿಗೆ ಅಂಟಿ, ಹಲ್ಲು ಸವೆಸುವ ಅರೆಯುವ ಪೇಸ್ಟಿನಂತಾಯಿತು.

ಬೆಳೆ ಇದ್ದಷ್ಟು ದಿನ ಒಳಗೆ ನೂರಕ್ಕೆ 70ರ ಮೇಲೆ ತೇವ. ಬೆಳೆ ಮುಗಿದು ಬೇಸಿಗೆಯಲ್ಲಿ ಮನೆ ಖಾಲಿಯಾದಾಗ ಮರ ಒಣಗಿ ಕುಗ್ಗಿತು, ಹಳಿ ಕಾದು ಉದ್ದವಾಯಿತು. ಮೂರು ಮೀಟರ್ ಹಳಿ 20 ಡಿಗ್ರಿ ಶಾಖ ಏರಿದರೆ ಸುಮಾರು 1 ಮಿ.ಮೀ. ಬೆಳೆಯುತ್ತದೆ. ಜೋಡಣೆಗಳಲ್ಲಿ ಸಂದು ಬಿಟ್ಟಿರಲಿಲ್ಲ, ಹಳಿ ಹಾವಿನಂತೆ ತಿರುಚಿಕೊಂಡಿತು. ಚಳಿಯಲ್ಲಿ ಹಾಸುವವರು 914 ಮಿ.ಮೀ. ತುಂಡಿಗೊಂದು ಅರ್ಧ ಮಿ.ಮೀ. ಸಂದು ಬಿಡಬೇಕು, ಪ್ಲೈವುಡ್ಡಿನ ಎರಡೂ ಮುಖಕ್ಕೂ ನಾಲ್ಕು ಅಂಚಿಗೂ ಪೇಂಟ್ ಬಳಿಯಬೇಕು.

ಇದೆಲ್ಲ ದುಡ್ಡು ಕೊಟ್ಟರೆ ಮತ್ತೆ ಬರುವ ವಸ್ತು. ಹುಳುವಿನ ಮಾತು ಬೇರೆ.

ಬೆಳೆ ಬಂದಾಗ ಹಲಗೆಯನ್ನು ಹೊರಗೆ ಸಾಗಿಸದೆ ಅಲ್ಲೇ ಗೋಡೆಗೆ ಒರಗಿಸಿದ್ದರು. ಅದರ ಅಡಿಗೆ ಗೆದ್ದಲು ಹಿಡಿಯದಿರಲೆಂದು ಕ್ಲೋರ್‌ಪೈರಿಫಾಸ್ ಬಳಿದಿತ್ತು. ಸಂಜೆ ಅಲ್ಲೇ ಕೂತು ತಂತಿ ಜೋಡಿಸುವಾಗ ಸೊಳ್ಳೆಗೆಂದು ಪ್ಲಗ್ಗಿಗೆ ಹಾಕುವ ದ್ರವದ ಯಂತ್ರ ಉರಿಸಿದರು. ರೇಷ್ಮೆ ಹುಳುವಿಗೆ ಈ ಎರಡರಲ್ಲಿ ಒಂದೇ ಸಾಕು. ಸೊಳ್ಳೆ ಬತ್ತಿಯಲ್ಲೂ ಆ ದ್ರವದಲ್ಲೂ ಇರುವುದು ಪೈರೆತ್ರಾಯ್ಡ್, ಕೀಟ ಕೊಲ್ಲಲೆಂದೇ ಮಾಡಿದ್ದು, ಹುಳುವೂ ಕೀಟವೇ. ನಾಲ್ಕನೇ ಜ್ವರದಿಂದ (ಪೊರೆ ಕಳಚುವ ನಿದ್ದೆಯಿಂದ) ಎದ್ದ ಹುಳು ಸೊಪ್ಪು ಬಿಟ್ಟು ತಲೆ ಆಡಿಸತೊಡಗಿದವು, ಬಾಯಿಂದ ರಸ ಕಕ್ಕಿದವು, ಮೈ ಕುಗ್ಗಿ ಸತ್ತವು. 100 ಮೊಟ್ಟೆಯೆಂದರೆ ಸುಮಾರು 40 ಸಾವಿರ ಹುಳು. ಸೋಲ್ಡರ್ ಹೊಗೆ, ಥಿನ್ನರ್, ಸ್ಪ್ರೇ ಪೇಂಟ್ ಕೂಡ ಹುಳುಮನೆಯ ಹತ್ತಿರ ಸುಳಿಯಬಾರದು.

ಔಷಧಿ ಹಾಕದಿದ್ದರೂ ಹಲಗೆ ಅಲ್ಲಿರುವುದು ಅಪಾಯವೇ. ಹುಳುವಿನ ಮೈಯಿಂದ ಹೊರಬಿದ್ದ ಊಜಿ ಮರಿ ಕತ್ತಲ ಸಂದು ಹುಡುಕಿ ಕೋಶವಾಗುತ್ತದೆ. ಥರ್ಮಾಕೋಲ್ ಬೆಟ್ಟದ ಟೊಳ್ಳು, ಸುರಂಗ, ಹಲಗೆಯಡಿಯ ಪಟ್ಟಿ ಅದಕ್ಕೆ ಹೇಳಿ ಮಾಡಿಸಿದ ಮನೆ. ಮೈದಾ ಅಂಟಿಗೆ ಇರುವೆ ಬರುತ್ತದೆ, ಇರುವೆ ಹುಳುವನ್ನು ಬಿಡುವುದಿಲ್ಲ. ಗೋಡೆ ನೆಲವನ್ನು ತೊಳೆಯಬಹುದು, ಮರದ ಪುಡಿಯ ಹುಲ್ಲನ್ನು ತೊಳೆಯುವುದು ಹೇಗೆ? ಹಿಂದಿನ ಬೆಳೆಯ ರೋಗ ಅದರಲ್ಲೇ ಉಳಿದುಕೊಳ್ಳುತ್ತದೆ.

ಈಗಾಗಲೇ ಹಾಸಿದ್ದವರು ಬ್ಲೀಚಿಂಗ್ ಕಲಸುವ ಮುಂಚೆಯೇ ಎಲ್ಲವನ್ನೂ ಹೊರಗೆ ತನ್ನಿ. ಪೊರೆ ಕಟ್ಟಿದ್ದರೆ ಮೊದಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಬಟ್ಟೆ ಅದ್ದಿ ಹಿಂಡಿ ಒರೆಸಿ, ಒಣಗಿಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಉಳಿದ ಕಪ್ಪನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ. ಉಪ್ಪುಕಾಗದ ಬೇಡ, ಅದರ ಗೀರಿನಲ್ಲಿ ಕೊಳೆ ಬೇಗ ಕೂರುತ್ತದೆ. ಹಿತ್ತಾಳೆ ಪಾತ್ರೆಯಂತೆ ಹುಣಸೆಹಣ್ಣು ಹಾಕಿ ತಿಕ್ಕಲೂ ಬೇಡಿ, ಹುಳಿ ಹಳಿಯಡಿಯ ಸ್ಲೀಪರ್ ಪಟ್ಟಿಗಳ ಸಂದಿಗಿಳಿದು ಒಳಗೊಳಗೇ ತಿನ್ನುತ್ತದೆ. ಗೇರಿನ ಗ್ರೀಸ್ ಪೂರ್ತಿ ತೆಗೆದು ಹೊಸದು ಹಾಕಿ. ಕೊಬ್ಬರಿ ಎಣ್ಣೆ ಬಿಡುವ ಅಭ್ಯಾಸ ನಮ್ಮ ಕಡೆ ಇದೆ, ಅದು 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ, ಚಿಕ್ಕಬಳ್ಳಾಪುರದ ಡಿಸೆಂಬರ್ ಬೆಳಗ್ಗೆ ಎಂಜಿನ್ ಅಲುಗುವುದಿಲ್ಲ. ಪ್ಲಾಸ್ಟಿಕ್ಕಿಗೆ ಹೊಂದುವ ತೆಳು ಎಣ್ಣೆಯೇ ಆಗಬೇಕು.

ಜಾಗ ಸಾಲದೆಂದು ಹುಳುಮನೆ ಹುಡುಕಬೇಕಾಗಿಯೂ ಇಲ್ಲ. ನಾಲ್ಕಡಿ ಅಗಲ ಬೇಕಾಗುವುದು 16.5 ಮಿ.ಮೀ. ಹಳಿಗೆ. 9 ಮಿ.ಮೀ. ಹಳಿಯ ತಿರುವು 228 ಮಿ.ಮೀ. ತ್ರಿಜ್ಯದಲ್ಲಿ ಸಿಗುತ್ತದೆ, ಪೂರ್ತಿ ಸುತ್ತು ಎರಡಡಿ ಅಗಲದೊಳಗೆ ಮುಗಿಯುತ್ತದೆ. ಕೊಳ್ಳುವ ಎಂಜಿನ್ ಅಷ್ಟು ಸಣ್ಣ ತಿರುವಿನಲ್ಲಿ ಓಡುತ್ತದೆಯೇ ಎಂದು ಮೊದಲು ಕೇಳಿಕೊಳ್ಳಿ. ನಾಲ್ಕಡಿ ಎರಡಡಿಯ 9 ಮಿ.ಮೀ. ಪ್ಲೈವುಡ್, ಕೆಳಗೆ ಎರಡಿಂಚು ಒಂದಿಂಚಿನ ಮರದ ಚೌಕಟ್ಟು. ವಾಸದ ಮನೆಯ ನಡುಕೋಣೆಯಲ್ಲಿ ಎರಡು ಗಟ್ಟಿ ಬ್ರಾಕೆಟ್ ಹೊಡೆದು ಎದೆಯೆತ್ತರಕ್ಕೆ ಕೂರಿಸಿ, ಬೆಟ್ಟಕ್ಕೆ ಮೈದಾ ಬದಲು ಬಿಳಿ ಫೆವಿಕಾಲ್ ಬಳಸಿ. ಸೋಲ್ಡರ್ ಮಾಡಿದ ಕೈಯನ್ನು ಸೋಪು ಹಾಕಿ ತೊಳೆದ ಮೇಲೆಯೇ ಸೊಪ್ಪು ಮುಟ್ಟಿ.