ಹುಬ್ಬಳ್ಳಿಯಲ್ಲಿ ಕೊಂಡ 741: ಕಾಲು ಹೊಂದಿತು, ವೇಗ ಹೊಂದಲಿಲ್ಲ

ಧಾರವಾಡದ ಮನೆಯಲ್ಲಿ ಕಟ್ಟುತ್ತಿದ್ದ ಸಿಗ್ನಲ್ ಜನರೇಟರಿನ (ಪರೀಕ್ಷೆಗೆ ಬೇಕಾದ ಅಲೆಗಳನ್ನು ಹುಟ್ಟಿಸುವ ಉಪಕರಣ) ಕೊನೆಯ ಹಂತಕ್ಕೆ ಟಿಎಲ್071 ಎಂಬ ಆಪ್-ಆಂಪ್ (ಸಿಗ್ನಲ್ ವರ್ಧಿಸುವ ಚಿಪ್ಪು) ಬೇಕಾಗಿತ್ತು. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ ಬಿಡಿಭಾಗಗಳ ಅಂಗಡಿಯೊಂದರಲ್ಲಿ ವಿಚಾರಿಸಿದಾಗ, ಅಂಗಡಿಯವರು 741 ಎಂಬ ಇನ್ನೊಂದು ಆಪ್-ಆಂಪ್ ಅನ್ನು ಮುಂದಿಟ್ಟು, "ಕಾಲೆಲ್ಲಾ ಒಂದ ಅದಾವ್ರಿ, ಇದನ್ನ ಹಾಕ್ರಿ, ನಡೀತದ" ಎಂದರು. ಕಾಲುಗಳ (ಪಿನ್‌ಗಳ) ಮಾತು ನಿಜವೇ ಆಗಿದ್ದರಿಂದ ನಾನೂ ಒಪ್ಪಿಕೊಂಡು ತಂದೆ.

ಬ್ರೆಡ್‌ಬೋರ್ಡಿನ ಮೇಲೆ ±15 ವೋಲ್ಟ್ ಕೊಟ್ಟು, ಬಫರ್ ಆಗಿ (ಸಿಗ್ನಲ್ಲನ್ನು ಅದೇ ಎತ್ತರದಲ್ಲಿ ದಾಟಿಸುವಂತೆ) ಜೋಡಿಸಿ, 20 ಕಿಲೋಹರ್ಟ್ಸ್‌ನ ಸೈನ್ ಅಲೆಯನ್ನು 1 ವೋಲ್ಟ್ ಶಿಖರದಲ್ಲಿ ಹಾಯಿಸಿದಾಗ ಚಿಪ್ಪಿನಲ್ಲಿ ಯಾವ ದೋಷವೂ ಕಾಣಲಿಲ್ಲ. ಶಿಖರವನ್ನು 10 ವೋಲ್ಟಿಗೆ ಏರಿಸುತ್ತಿದ್ದಂತೆ ಆಸಿಲೋಸ್ಕೋಪಿನ ಪರದೆಯಲ್ಲಿ ದುಂಡನೆಯ ಅಲೆ ನೆಟ್ಟಗಿನ ಗೆರೆಗಳ ತ್ರಿಕೋನವಾಗಿ, ಎತ್ತರವೂ 6 ವೋಲ್ಟಿನ ಆಸುಪಾಸಿಗೆ ಕುಗ್ಗಿತು. ಆ ಅಲೆಗೆ ಮೈಕ್ರೋಸೆಕೆಂಡಿಗೆ ಸುಮಾರು 1.26 ವೋಲ್ಟಿನ ಏರಿಕೆ ಬೇಕು. 741ರ ಸ್ಲ್ಯೂ ರೇಟ್, ಅಂದರೆ ಅದರ ಔಟ್‌ಪುಟ್ ವೋಲ್ಟೇಜ್ ಬದಲಾಗಬಲ್ಲ ಗರಿಷ್ಠ ವೇಗ, ಸಾಮಾನ್ಯವಾಗಿ 0.5 ಮಾತ್ರ. ಆವರ್ತನವನ್ನು ಶಿಖರದ ವೋಲ್ಟೇಜಿನಿಂದಲೂ 2π ಯಿಂದಲೂ ಗುಣಿಸಿದರೆ ಬೇಕಾದ ವೇಗ ಸಿಗುತ್ತದೆ. ಹಾಗೆ ನೋಡಿದರೆ 10 ವೋಲ್ಟಿನ ಶಿಖರಕ್ಕೆ ಈ ಚಿಪ್ಪು ಸುಮಾರು 8 ಕಿಲೋಹರ್ಟ್ಸ್‌ವರೆಗೆ ಮಾತ್ರ ನಿಭಾಯಿಸಬಲ್ಲದು. ಡೇಟಾಶೀಟಿನಲ್ಲಿರುವ 1 ಮೆಗಾಹರ್ಟ್ಸ್ ಬ್ಯಾಂಡ್‌ವಿಡ್ತ್ (ಆವರ್ತನದ ವ್ಯಾಪ್ತಿ) ನೋಡಿ ಭರವಸೆಯಿಟ್ಟವರು (ನಾನೂ ಅವರಲ್ಲಿ ಒಬ್ಬ) ಮೋಸಹೋಗುವುದು ಇಲ್ಲಿಯೇ, ಏಕೆಂದರೆ ಆ ಅಂಕಿ ಸಣ್ಣ ಸಿಗ್ನಲ್ಲಿಗೆ ಸಂಬಂಧಿಸಿದ್ದು.

ಮೂಲ ಕಾರಣ ಚಿಪ್ಪಿನ ಒಳಗಿದೆ. ಆಂದೋಲನವಾಗದಂತೆ ಇರಿಸಿದ ಸುಮಾರು 30 ಪಿಕೋಫ್ಯಾರಡ್ ಕೆಪಾಸಿಟರನ್ನು, ಮೊದಲ ಹಂತ ಕೊಡಬಲ್ಲ ಹದಿನೈದು ಇಪ್ಪತ್ತು ಮೈಕ್ರೋಆಂಪ್ ವಿದ್ಯುತ್ತಿನಿಂದಲೇ ತುಂಬಬೇಕು. ಚಿಪ್ಪಿನ ಎರಡು ಇನ್‌ಪುಟ್‌ಗಳ ನಡುವಿನ ವ್ಯತ್ಯಾಸ ಎಷ್ಟೇ ದೊಡ್ಡದಿರಲಿ, ಆ ವಿದ್ಯುತ್ತು ಹೆಚ್ಚುವುದಿಲ್ಲ. ಸಣ್ಣ ನಲ್ಲಿಯ ಕೆಳಗೆ ಕೊಡ ಇಟ್ಟು ಅವಸರ ಮಾಡಿದಂತೆಯೇ ಸರಿ. ನಿಧಾನವಾಗಿ ಬದಲಾಗುವ ತಾಪಮಾನದ ಸಿಗ್ನಲ್ಲಿಗೆ 741 ಈಗಲೂ ಸಾಕಷ್ಟು ಒಳ್ಳೆಯದು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಮರಳಿ ಹೋದಾಗ ಅಂಗಡಿಯವರು ವಾದಿಸದೆ ಒಳಗಿನ ಡಬ್ಬಿಯಿಂದ ಟಿಎಲ್071 ಹುಡುಕಿ ಕೊಟ್ಟರು. ಮೊದಲ ದಿನವೇ ಹುಡುಕಿದ್ದರೆ ನನ್ನ ಎರಡನೆಯ ಬಸ್ ಪ್ರಯಾಣ ಉಳಿಯುತ್ತಿತ್ತು. ಸುಮಾರು 13 ವೋಲ್ಟ್ ಪ್ರತಿ ಮೈಕ್ರೋಸೆಕೆಂಡ್ ವೇಗದ ಈ ಚಿಪ್ಪಿನಲ್ಲಿ ಅದೇ 10 ವೋಲ್ಟಿನ ಅಲೆ ದುಂಡಗೇ ಹೊರಬಂದಿತು. ಅಂಗಡಿಯಲ್ಲಿ ಸರಕು ಚೆನ್ನಾಗಿದೆ, ನಡತೆಯೂ ಸೌಜನ್ಯದ್ದು. ಆದರೆ ಎರಡೂ ಬಿಲ್ಲುಗಳಲ್ಲಿ ಬರೆದಿದ್ದುದು "ಐಸಿ, 8 ಪಿನ್" ಎಂದಷ್ಟೇ.